ಬೆನ್ನು ಮುರಿದದ್ದು ಆಟವಲ್ಲ

ನನ್ನ ಬೆನ್ನನ್ನು ಆಟ ಮುರಿಯಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ತೆಕ್ಕಲಕೋಟೆಯಿಂದ ಕುರುಗೋಡಿನವರೆಗೆ ಇವತ್ತಿಗೂ ಹಾಗೆಂದು ನಂಬಿದವರಿದ್ದಾರೆ. "ಈರಮ್ಮನ ಸೊಂಟ ಹೋಗಿದ್ದು ಆ ರಗ್ಬಿ ಆಡಾಕ ಹೋಗಿ" ಎಂದು ನನ್ನೆದುರೇ ಹೇಳಿ, ನಾನು ಕೊಟ್ಟ ಚಹಾ ಕುಡಿದು ಹೋಗುತ್ತಾರೆ. ನನಗೆ ಬಂದದ್ದು ಬೆನ್ನೆಲುಬಿನ ಕ್ಷಯ. ಆಸ್ಪತ್ರೆಯ ಬೆಂಚಿನ ಮೇಲೆ ಮುಖಕ್ಕೆ ಸೆರಗು ಹಿಡಿದು, ಗುರುತಿನವರು ಯಾರಾದರೂ ಕಂಡಾರೇ ಎಂದು ಅಂಜಿ ಕೂತ ಹೆಣ್ಣುಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉಳಿದವರಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ.

ಅದು ಬಳ್ಳಾರಿಯ ಮಣ್ಣಿಗೆ ಬಂಗಾರದ ಬೆಲೆ ಬಂದಿದ್ದ ಕಾಲ. ರಸ್ತೆ ತುಂಬ ಅದಿರಿನ ಲಾರಿಗಳು. ಬೇವಿನ ಗಿಡ, ಗೋಡೆ, ಒಣಹಾಕಿದ ಅರಿವೆ, ಎಮ್ಮೆಯ ಬೆನ್ನು ಎಲ್ಲವೂ ಒಂದೇ ಕೆಂಪು. ನಮ್ಮಪ್ಪನೂ ಅದಿರಿನ ಲಾರಿಯ ಡ್ರೈವರ್; ಬಂದರಿನ ಕಡೆ ಹೋದರೆ ಮನೆಗೆ ಬರುವುದು ಯಾವಾಗ ಎಂದು ಅವನಿಗೇ ಗೊತ್ತಿರುತ್ತಿರಲಿಲ್ಲ. ತೆಕ್ಕಲಕೋಟೆಯ ಮನೆಯಲ್ಲಿ ಅವ್ವ ಮತ್ತು ಅಕ್ಕ ಪಾರ್ವತಿ. ನಾನು ಬಳ್ಳಾರಿಯ ಹಾಸ್ಟೆಲ್ಲಿನಲ್ಲಿದ್ದು ಕಾಲೇಜು ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದಕ್ಕಿಂತ ಕಬಡ್ಡಿ ಆಡುತ್ತಿದ್ದೆ ಅನ್ನುವುದು ಸರಿ.

ಒಂದು ದಿನ ನಮ್ಮ ಕೋಚ್ ಸರ್ ಮೈದಾನಕ್ಕೆ ಉದ್ದನೆಯ ಚೆಂಡೊಂದನ್ನು ತಂದರು.

"ಇದೇನ್ರೀ ಸರ್, ಕುಂಬಳಕಾಯಿ ತಂದೀರಿ?" ಎಂದಳು ರೇಷ್ಮಾ. ಅವಳು ಕೌಲ್‌ ಬಜಾರಿನವಳು, ಅವರ ಮನೆಯಲ್ಲಿ ಎಲ್ಲರೂ ಜೀನ್ಸ್ ಹೊಲಿಯುವವರು. ನನ್ನ ಜೀವದ ಗೆಳತಿ.

"ಕಬಡ್ಡಿಯಾಗ ಕಾಲ ಹಿಡಿಯಾಕ ಬರ್ತೈತಿಲ್ಲೋ? ಇಲ್ಲೂ ಓಡೋರ ಕಾಲ ಹಿಡೀರಿ, ಕೆಡವ್ರಿ. ಉಳಿದದ್ದು ನಾ ಕಲಸ್ತೀನಿ" ಎಂದರು ಸರ್.

ಅದು ರಗ್ಬಿ, ಅದರಲ್ಲೂ ಏಳು ಜನ ಆಡುವ ಬಗೆ. ಚೆಂಡನ್ನು ಅವಚಿಕೊಂಡು ಓಡಬೇಕು, ಕೊನೆಯ ಗೆರೆ ದಾಟಿ ನೆಲಕ್ಕೆ ಮುಟ್ಟಿಸಬೇಕು. ಆದರೆ ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ, ಹಿಂದಿದ್ದವರಿಗೇ ಕೊಡಬೇಕು. ಓಡುವವಳ ಕಣ್ಣು ಮುಂದೆ, ಚೆಂಡು ಹೋಗಬೇಕಾದದ್ದು ಹಿಂದೆ. ಅದಕ್ಕೇ ಹಿಂದೆ ಬರುವವಳು ದನಿ ಕೊಡುತ್ತಲೇ ಇರಬೇಕು. ನಾವು ಬಳ್ಳಾರಿಯವರು ನಮ್ಮ ಭಾಷೆಯಲ್ಲೇ ಕೂಗುತ್ತಿದ್ದೆವು: "ಹಿಂದ ಅದೀನಿ! ಅದೀನಿ, ಅದೀನಿ!" ನನ್ನ ಗಂಟಲು ಎಲ್ಲರಿಗಿಂತ ದೊಡ್ಡದು. ಪುಣೆಯ ಶಿಬಿರದಲ್ಲಿ ಬೇರೆ ರಾಜ್ಯದ ಹುಡುಗಿಯರು ಮೊದಮೊದಲು ನಕ್ಕರು, ಆಮೇಲೆ ತಾವೂ "ಅದೀನಿ" ಎಂದು ಕೂಗತೊಡಗಿದರು.

ಏಷ್ಯಾದ ದೇಶಗಳೆಲ್ಲ ಸೇರುವ ದೊಡ್ಡ ಕ್ರೀಡಾಕೂಟಕ್ಕೆ ನಮ್ಮ ದೇಶದ ಹೆಂಗಸರ ತಂಡ ಹೋಗುವುದಿತ್ತು. ಸಂಭಾವ್ಯ ಆಟಗಾರ್ತಿಯರಲ್ಲಿ ನನ್ನ ಹೆಸರು ಬಂತು. ರೇಷ್ಮಾಳದು ಕಾಯ್ದಿಟ್ಟವರ ಸಾಲಿನಲ್ಲಿ. ಅಷ್ಟಕ್ಕೇ ಗಣಿ ಧಣಿಯೊಬ್ಬರು ಸಿರುಗುಪ್ಪದ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಹಾಕಿಸಿದರು. ಅದರಲ್ಲಿ ಅವರ ಮುಖ ರೊಟ್ಟಿ ಹಂಚಿನಷ್ಟಿತ್ತು, ಮೂಲೆಯಲ್ಲಿ ಚೆಂಡು ಹಿಡಿದು ನಿಂತ ನಾನು ಅಂಗೈಯಷ್ಟಿದ್ದೆ. ಆದರೂ ಅವ್ವ ಬಸ್ಸಿನಲ್ಲಿ ಹೋಗಿ ಅದನ್ನು ನೋಡಿ ಬಂದಳು. ನನಗೂ ಹೆಮ್ಮೆಯಾಗಿತ್ತು, ಸುಳ್ಳೇಕೆ ಹೇಳಲಿ.

ನೋವು ಆಗಲೇ ಸುರುವಾಗಿತ್ತು. ಒಂದು ಸಂಜೆ ಸರ್ ಓಡುವವಳ ಕಾಲು ಹಿಡಿದು ಕೆಡವುವ ಒಂದೇ ಹಿಡಿತವನ್ನು ಮತ್ತೆ ಮತ್ತೆ ಮಾಡಿಸಿದರು. ಮಾರನೆಯ ದಿನ ಹಾಸಿಗೆಯಿಂದ ಏಳುವಾಗ ಸೊಂಟದ ಮೇಲೆ ಯಾರೋ ಗೂಟ ಹೊಡೆದಂತಾಯಿತು. ಆಟವಾಡುವವರಿಗೆ ನೋವು ಹೊಸದೇನಲ್ಲ. ಎಲ್ಲರಿಗೂ ಒಂದೊಂದು ಕಡೆ ಇರುತ್ತದೆ. ಸಂಜೆಯಾದರೆ ಮೈ ಬಿಸಿಯಾಗುತ್ತಿತ್ತು, ಬಳ್ಳಾರಿಯ ಬಿಸಿಲಿನಲ್ಲಿ ಯಾರ ಮೈ ತಣ್ಣಗಿರುತ್ತದೆ? ಊಟ ಸೇರುತ್ತಿರಲಿಲ್ಲ, ಹಾಸ್ಟೆಲ್ಲಿನ ಸಾರು ಯಾರಿಗೆ ಸೇರುತ್ತದೆ? ಪ್ರತಿಯೊಂದಕ್ಕೂ ಒಂದು ಉತ್ತರ ಸಿಗುತ್ತಿತ್ತು. ನಾನು ಬಡಕಲಾದಾಗ ಸರ್ ಬೆನ್ನು ತಟ್ಟಿದರು. "ಮೈ ಹಗುರಾಗೇತಿ ನೋಡು, ಓಟ ಹೆಂಗ ಚಲೋ ಆತು!" ಎಂದರು. ರೋಗ ನನ್ನನ್ನು ತಿನ್ನುತ್ತಿತ್ತು, ನಾನು ಶಾಭಾಸ್‌ ಅನ್ನಿಸಿಕೊಳ್ಳುತ್ತಿದ್ದೆ. ಈಗ ನೆನೆದರೆ ನಗು ಬರುತ್ತದೆ, ಒಳ್ಳೆಯ ನಗುವಲ್ಲ.

ಪುಣೆಯ ಕೊನೆಯ ಶಿಬಿರದಲ್ಲಿ ಬಲಗಾಲಿನ ಬೆರಳು ನೆಲಕ್ಕೆ ಎಡವತೊಡಗಿತು. ಎತ್ತಬೇಕೆಂದರೆ ಕಾಲು ಏಳುತ್ತಿರಲಿಲ್ಲ. ಬಯಲಿನಲ್ಲಿ, ಕಲ್ಲಿಲ್ಲ ಮುಳ್ಳಿಲ್ಲ, ನಾನು ಮುಗ್ಗರಿಸಿ ಬಿದ್ದೆ. ಅಲ್ಲಿಯವರು ಮುಟ್ಟಿ ನೋಡಿ, ಹಳೆಯ ಪೆಟ್ಟು, ವಿಶ್ರಾಂತಿ ಬೇಕು ಎಂದು ಟಿಕೆಟ್ ತೆಗೆಸಿ ಊರಿಗೆ ಕಳಿಸಿದರು. ನನ್ನ ಜಾಗಕ್ಕೆ ರೇಷ್ಮಾ ಹೋದಳು. ರೈಲ್ವೆ ಸ್ಟೇಷನ್ನಿನಲ್ಲಿ ಅವಳು ನನ್ನ ಚೀಲ ಹಿಡಿದು, "ಜಲ್ದಿ ಆರಾಮಾಗಿ ಬಾ ಲೇ, ನಿನ್ನ ಜಾಗ ನನಗ ಬ್ಯಾಡ" ಎಂದು ಅತ್ತಳು. ನಾನು ಅಳಲಿಲ್ಲ. ಹೊಟ್ಟೆ ಉರಿಯುತ್ತಿದ್ದರೆ ಅಳು ಬರುವುದಿಲ್ಲ.

ನಮ್ಮ ಕಡೆ ಎಲುಬಿಗೆ ಪೆಟ್ಟಾದರೆ ಮೊದಲು ಹೋಗುವುದು ಕಟ್ಟು ಕಟ್ಟುವವರ ಹತ್ತಿರ, ಆಸ್ಪತ್ರೆ ಆಮೇಲೆ. ತೆಕ್ಕಲಕೋಟೆಯಲ್ಲಿ ಖಾಜಾಸಾಬರೆಂದರೆ ಎತ್ತಿನ ಕಾಲಿಗೂ ಮನುಷ್ಯರ ಕೈಗೂ ಕಟ್ಟು ಹಾಕಿ ಹೆಸರಾದವರು. ಅವ್ವ ಕರೆತಂದಳು. ಅವರು ನನ್ನ ಬೆನ್ನ ಮೇಲೆ ಹೆಬ್ಬೆರಳು ಒತ್ತಿದಾಗ ನಾನು ಚೀರಿದ್ದು ಓಣಿಗೆಲ್ಲ ಕೇಳಿತು.

"ಏನ್ ಆಗಿಲ್ಲ ಬಿಡವ್ವಾ. ಆಟದಾಗ ಬಿದ್ದದ್ದು. ಎಲುಬು ಸರಿದೈತಿ, ಕಟ್ಟು ಹಾಕಿದರ ಕೂಡ್ತೈತಿ" ಎಂದರು. ಸೊಪ್ಪು ಅರೆದು, ಮೊಟ್ಟೆಯ ಬಿಳಿ ಕಲಸಿ, ಬಿದಿರ ಪಟ್ಟಿ ಇಟ್ಟು ಬಿಗಿದರು. ಅದು ಒಣಗುತ್ತಿದ್ದಂತೆ ನಾತ ಹೊಡೆಯತೊಡಗಿತು. ಎರಡನೆಯ ಕಟ್ಟಿನ ಹೊತ್ತಿಗೆ ನಾನು ಗೋಡೆ ಹಿಡಿದರೂ ನಿಲ್ಲಲಾರದಾದೆ. ಖಾಜಾಸಾಬರ ಮೇಲೆ ನನಗೆ ಸಿಟ್ಟಿಲ್ಲ. ಆಟ ಆಡುವವಳಿಗೆ ಆಟದ ಪೆಟ್ಟೇ ಆಗಿರಬೇಕು ಎಂದು ಪುಣೆಯವರೇ ಅಂದುಕೊಂಡಿದ್ದರಲ್ಲ.

ಅಪ್ಪ ಬಂದರಿನಿಂದ ಬಂದವನು ನನ್ನನ್ನು ನೋಡಿ ಯಾರನ್ನೂ ಒಂದು ಮಾತು ಕೇಳಲಿಲ್ಲ. ಚಾಕು ತಂದು ಕಟ್ಟು ಕೊಯ್ದು ಹಾಕಿದ. ಲಾರಿಯಲ್ಲಿ ಡ್ರೈವರ್ ಸೀಟಿನ ಹಿಂದೆ ಮಲಗುವ ಹಲಗೆ ಇರುತ್ತದಲ್ಲ, ಅದರ ಮೇಲೆ ನನ್ನನ್ನು ಮಲಗಿಸಿ ಬಳ್ಳಾರಿಗೆ ಹೊರಟ. ಅದಿರಿನ ಲಾರಿಗಳೇ ತೋಡಿದ ಗುಂಡಿಗಳ ಆ ರಸ್ತೆಯಲ್ಲಿ ಅಪ್ಪ ನಡೆದುಕೊಂಡು ಹೋಗುವಷ್ಟು ನಿಧಾನವಾಗಿ ಲಾರಿ ಬಿಟ್ಟ. ಹಿಂದಿನವರು ಹಾರ್ನ್ ಹೊಡೆದು ಬಾಯಿಗೆ ಬಂದಂತೆ ಬೈದರು. ಯಾರಿಗೂ ತಿರುಗಿ ಬೈಯದ ಅಪ್ಪನನ್ನು ನಾನು ಕಂಡದ್ದು ಅದೊಂದೇ ಸಲ.

ಆಸ್ಪತ್ರೆಯಲ್ಲಿ ಕಾಯುವುದು ಎಂದರೆ ಏನೆಂದು ಕಾದವರಿಗೇ ಗೊತ್ತು. ಗಣಿಯಲ್ಲಿ ಕಾಲು ಜಜ್ಜಿಸಿಕೊಂಡವರು, ಬೆರಳಿಗೆ ಮಷೀನಿನ ಸೂಜಿ ಹೊಕ್ಕ ಜೀನ್ಸ್ ಹೊಲಿಯುವ ಹೆಂಗಸರು, ಹಚ್ಚೊಳ್ಳಿಯಿಂದ ಟ್ರ್ಯಾಕ್ಟರಿನಲ್ಲಿ ಬಂದ ಬಸುರಿ. ನಾನು ಸ್ಟ್ರೆಚರಿನ ಮೇಲೆ ಮಲಗಿ ಫ್ಯಾನ್ ನೋಡುತ್ತಿದ್ದೆ. ಅದರ ರೆಕ್ಕೆಯೂ ಕೆಂಪು. ಸ್ಕ್ಯಾನ್ ಆಯಿತು, ಬೆನ್ನಿಗೆ ಸೂಜಿ ಚುಚ್ಚಿ ಏನೋ ತೆಗೆದರು, ಮತ್ತೆ ಕಾದೆವು. ಕೊನೆಗೆ ಡಾಕ್ಟರಮ್ಮ ಬಂದು ಮಂಚದ ಅಂಚಿಗೆ ಕೂತರು.

"ಇದು ಪೆಟ್ಟಲ್ಲಮ್ಮಾ. ಟಿ.ಬಿ. ಬೆನ್ನಿನ ಎಲುಬನ್ನ ತಿಂದಿದೆ, ನರ ಒತ್ತಿದೆ."

"ನನಗ ಕೆಮ್ಮೇ ಇಲ್ಲಲ್ರೀ!"

"ಎಲುಬಿಗೂ ಬರ್ತದೆ. ಇದು ನಿನ್ನಿಂದ ಯಾರಿಗೂ ಅಂಟೋದಿಲ್ಲ. ಮನೆಯವರ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣು. ಗುಳಿಗೆ ಮಾತ್ರ ಒಂದೂ ತಪ್ಪಿಸಬಾರದು."

ಸಾಯುತ್ತೇನೋ ಬದುಕುತ್ತೇನೋ ಎಂದು ಕೇಳಬೇಕಿತ್ತು. ನಾನು ಕೇಳಿದ್ದು, "ಕೂಟಕ್ಕ ಹೋಗಬಹುದೇನ್ರೀ?"

ಅವರು ನನ್ನ ಮುಖ ನೋಡಿದರು. "ಮೊದಲು ಬಚ್ಚಲಿಗೆ ನಡಕೊಂಡು ಹೋಗುವಂತೆ ಆಗು. ಆಮೇಲೆ ಕೇಳು" ಎಂದರು. ಅವರ ಮೇಲೆ ಬಂದ ಸಿಟ್ಟು ಎಷ್ಟು ದಿನ ಇಳಿಯಲಿಲ್ಲವೋ. ಆದರೆ ಆ ಆಸ್ಪತ್ರೆಯಲ್ಲಿ ನನಗೆ ನಿಜ ಹೇಳಿದವರು ಅವರೊಬ್ಬರೇ.

ಅಪ್ಪ ಹೊರಗೆ ಹೋಗಿ ಲಾರಿಯ ಟೈರಿಗೆ ಒರಗಿ ಕೂತನಂತೆ. ತಾನು ಮೈಮೇಲೆ ತರುತ್ತಿದ್ದ ಕೆಂಪು ಧೂಳಿನಿಂದಲೇ ಮಗಳಿಗೆ ರೋಗ ಬಂತೆಂದು ಅವನ ಲೆಕ್ಕ. ಹಾಗಲ್ಲ ಎಂದು ಡಾಕ್ಟರಮ್ಮ ಹೇಳಿದರೂ ಕೇಳಲಿಲ್ಲ. ಅವತ್ತಿನಿಂದ ಅಂಗಳದಲ್ಲೇ ಮಿಂದು ಒಳಗೆ ಬರತೊಡಗಿದ.

ಸೊಂಟದಿಂದ ಎದೆಯವರೆಗೆ ಬಿಗಿಯುವ ಬೆಲ್ಟು ಹಾಕಿಸಿಕೊಂಡು ಮನೆಗೆ ಬಂದೆ. ಸುದ್ದಿ ತಿಳಿದು ಕುರುಗೋಡಿನಿಂದ ದೊಡ್ಡಮ್ಮ ಬಂದಳು. ಅವ್ವನ ಅಕ್ಕ, ನಮ್ಮ ಮನೆಯ ಒಳ್ಳೆಯದು ಕೆಟ್ಟದ್ದು ತೀರ್ಮಾನಿಸುವವಳು. ಪಾರ್ವತಿಗೆ ಸಿರುಗುಪ್ಪದಲ್ಲಿ ಗಂಡು ನೋಡಿ ಮಾತು ಮುಗಿಸಿದವಳೂ ಅವಳೇ. ನನ್ನ ಹಾಸಿಗೆಯ ಹತ್ತಿರ ಬರದೆ, ನಡುಮನೆಯಲ್ಲಿ ನಿಂತು ಹೇಳಿದಳು.

"ಆಟದಾಗ ಬಿದ್ದು ಸೊಂಟಕ್ಕ ಪೆಟ್ಟಾಗೇತಿ ಅನ್ರಿ. ಹೆಂಗೂ ಊರಾಗ ಎಲ್ಲಾರೂ ಹಂಗ ತಿಳಕೊಂಡಾರ. ಆ ರೋಗದ ಹೆಸರು ಹೊಸ್ತಿಲ ದಾಟಿತಂದ್ರ ಪಾರಿ ಲಗ್ನ ನಿಂತಂಗ."

"ಆಟಕ್ಕ ಯಾಕ ಕೆಟ್ಟ ಹೆಸರು ತರ್ತಿ ದೊಡ್ಡಮ್ಮ?" ಎಂದೆ ಮಲಗಿದಲ್ಲಿಂದ.

"ಆಟಕ್ಕೇನು ಲಗ್ನ ಆಗಬೇಕಾಗೇತೇನು?" ಎಂದಳು. ಅವ್ವ ತಲೆಯಾಡಿಸಿದಳು. ಅಪ್ಪ ಅಂಗಳ ನೋಡಿದ. ಪಾರ್ವತಿ ನನ್ನ ಕಡೆ ನೋಡಲೇ ಇಲ್ಲ.

ಗುಳಿಗೆ ತಿನ್ನುವುದಕ್ಕೂ ಆಗ ಒಂದು ಕ್ರಮವಿತ್ತು. ವಾರದಲ್ಲಿ ಮೂರು ದಿನ ಆಸ್ಪತ್ರೆಗೆ ಹೋಗಿ, ನರ್ಸಮ್ಮನ ಎದುರು ನುಂಗಿ ಬಾಯಿ ತೆರೆದು ತೋರಿಸಬೇಕು. ನಮ್ಮ ಊರಲ್ಲೇ ಆಸ್ಪತ್ರೆ ಇತ್ತು, ನಮ್ಮ ಓಣಿ ದಾಟಿದರೆ ಅದರ ಗೇಟು. ಆದರೆ ಅಲ್ಲಿ ಕಸ ಗುಡಿಸುವವಳಿಂದ ಹಿಡಿದು ಎಲ್ಲರೂ ಗುರುತಿನವರು. ಹಾಗಾಗಿ ಬಳ್ಳಾರಿಯಲ್ಲೇ ನುಂಗುವುದು ಎಂದು ಮನೆಯವರು ಗೊತ್ತು ಮಾಡಿದರು. ರೋಗ ತಿಂದ ಬೆನ್ನೆಲುಬು ಇಟ್ಟುಕೊಂಡು, ಅವ್ವನ ಭುಜ ಹಿಡಿದು ಬಸ್ಸು ಹತ್ತಿ, ಒಂದೊಂದು ಗುಂಡಿಗೂ ಹಲ್ಲು ಕಚ್ಚಿ, ಕೊಳಗಲ್ಲು ದಾಟುವಷ್ಟರಲ್ಲಿ ಕಣ್ಣು ಕತ್ತಲೆ ಬಂದು ನಾನು ಹೋದದ್ದು ಯಾವುದಕ್ಕೆ? ಮನೆಯ ಬೆನ್ನಿಗೇ ಸಿಗುತ್ತಿದ್ದ ಗುಳಿಗೆಗೆ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ.

ಆ ಗುಳಿಗೆ ತಿಂದ ದಿನ ಅದರ ಬಣ್ಣಕ್ಕೆ ಉಚ್ಚೆಯೂ ಕೆಂಪಗೆ ಹೋಗುತ್ತಿತ್ತು. ಮೊದಲ ಸಲ ನೋಡಿ ಅವ್ವ ಎದೆ ಬಡಿದುಕೊಂಡಳು. ಬಳ್ಳಾರಿಯಲ್ಲಿ ಇದೊಂದು ಬೇರೆ ಬಣ್ಣ ಉಳಿದಿತ್ತು, ಅದೂ ಹೋಯಿತು ಎಂದೆ ನಾನು. ಅವ್ವ ಅಳುತ್ತಲೇ ನಕ್ಕಳು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ನಗು ಕೇಳಿದ್ದು ಆಗಲೇ.

ಒಂದು ದಿನ ಯಾಕೆ ಇಷ್ಟು ದೂರ ಬರುತ್ತೀರೆಂದು ಡಾಕ್ಟರಮ್ಮ ಕೇಳಿದರು. ಅವ್ವ ಹೇಳಿದಳು. ಅವರು ಪೆನ್ನು ಮೇಜಿನ ಮೇಲೆ ಕುಕ್ಕಿದರು. "ಮಗಳ ಕಾಲು ಬೇಕೋ, ಓಣಿಯವರ ಬಾಯಿ ಮುಚ್ಚಬೇಕೋ?" ಎಂದು ಬೈದು, ನಮ್ಮೂರಿಗೇ ಬರೆದುಕೊಡುತ್ತೇನೆ ಎಂದರು. ಅವ್ವ ಅವರ ಕೈ ಹಿಡಿದು, "ಹಿರೇ ಹುಡುಗಿ ಲಗ್ನ ಮುಗೀಲಿ ತಾಯೀ" ಎಂದಳು. ಬಸ್ಸಿನ ಪ್ರಯಾಣ ಮುಂದುವರಿಯಿತು.

ಕೂಟದ ದಿನಗಳಲ್ಲಿ ನಾನು ಅಂಗಾತ ಮಲಗಿದ್ದೆ. ಮೊಣಕಾಲ ಕೆಳಗೆ ರೇಷ್ಮಾಳ ತಾಯಿ ಕಳಿಸಿದ ದಿಂಬು. ಜೀನ್ಸ್ ಕತ್ತರಿಸಿ ಉಳಿದ ಚಿಂದಿ ತುಂಬಿ ಹೊಲಿದದ್ದು, ಗಟ್ಟಿ, ಹದವಾದದ್ದು. ಅಂಗಡಿಯಿಂದ ತಂದ ಯಾವ ದಿಂಬೂ ಅಷ್ಟು ಸುಖ ಕೊಡಲಿಲ್ಲ. ಅಪ್ಪ ನನ್ನ ಕಣ್ಣಿಗೆ ಕಾಣುವಂತೆ ಟಿ.ವಿ.ಯನ್ನು ಪೆಟ್ಟಿಗೆಗಳ ಮೇಲೆ ಏರಿಸಿಟ್ಟ. ಬೆಳಗಿನಿಂದ ನೋಡಿದೆ. ಬಂದೂಕಿನ ಸ್ಪರ್ಧೆ ತೋರಿಸಿದರು, ಕುಸ್ತಿ, ಈಜು, ಗಂಡಸರ ಆಟಗಳು, ನಡುನಡುವೆ ಹಳೆಯ ಕ್ರಿಕೆಟ್ಟು. ಹೆಂಗಸರ ರಗ್ಬಿಯನ್ನು ಒಂದು ಕ್ಷಣವೂ ತೋರಿಸಲಿಲ್ಲ. ನಾನು ಇಲ್ಲದ್ದಕ್ಕೆ ಅಷ್ಟು ಅತ್ತಿದ್ದೆನಲ್ಲ, ಹೋದವರೂ ಯಾರಿಗೂ ಕಾಣಲಿಲ್ಲ.

ಸಿರುಗುಪ್ಪದ ಫ್ಲೆಕ್ಸ್ ಮಾತ್ರ ಬದಲಾಗಿತ್ತು. ಧಣಿಯ ಕಡೆಯವರು ಹೊಸ ಫೋಟೋ ತೆಗೆಸುವ ಗೋಜಿಗೆ ಹೋಗದೆ, ನನ್ನ ಮೈಗೆ ರೇಷ್ಮಾಳ ತಲೆ ಕೂಡಿಸಿಬಿಟ್ಟಿದ್ದರಂತೆ. ಅಪ್ಪ ನೋಡಿ ಬಂದು ಹೇಳಿದ.

ವಾಪಸು ಬಂದ ರೇಷ್ಮಾ ನೇರ ನಮ್ಮ ಮನೆಗೆ ಬಂದಳು. ರೋಗದ ನಿಜ ಹೆಸರನ್ನು ಫೋನಿನಲ್ಲೇ ಅವಳಿಗೆ ಹೇಳಿದ್ದೆ. ಅವಳು ಹಾಸಿಗೆಯ ಮೇಲೆ ಕಾಲು ಮಡಿಸಿ ಕೂತು, ನನ್ನ ತಟ್ಟೆಯಲ್ಲಿದ್ದ ಮಂಡಕ್ಕಿ ವಗ್ಗರಣೆಗೆ ಕೈ ಹಾಕಿದಳು. ಅವ್ವ ಬಾಗಿಲಲ್ಲಿ ನಿಂತು ಅದನ್ನು ನೋಡಿ ಕಣ್ಣೊರೆಸಿಕೊಂಡಳು.

"ಹೆಂಗಾತು?" ಎಂದೆ.

"ಎಲ್ಲಾದ್ರಾಗೂ ಸೋತ್ವಿ. ಏನ್ ಕೇಳ್ತಿ ಬಿಡು. ಒಂದ್ಸಲ ಗೆರಿ ಹತ್ರಾನ ಇದ್ದೆ ಲೇ. ಇಬ್ಬರು ಹಿಡದ್ರು. ಹಿಂದ ನೀ ಕೂಗಿದಂಗ ಆತು, ನೋಡದ ಒಗದೆ. ಯಾರೂ ಇರಲಿಲ್ಲ. ಚೆಂಡು ಅವರ ಕೈಯಾಗ ಬಿತ್ತು." ಮತ್ತೊಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ಹೇಳಿದಳು, "ಇಲ್ಲಿ ಆಟ ಮುಗದಂಗ ಐತಿ. ಕುರುಗೋಡು ಸಾಲಿಯಾಗೂ ಸರ್ ಕಲಸ್ತಿದ್ರಲ್ಲ, ಒಂದು ಹುಡುಗಿನೂ ಬರವಲ್ದು. ಈರಮ್ಮನ ಬೆನ್ನ ಮುರದವರು ನಮ್ಮ ಮಕ್ಕಳದ್ದೂ ಮುರೀತಾರ ಅಂತ ತಾಯಂದಿರು ಬೈದು ಕಳಿಸ್ಯಾರ."

ನನ್ನ ರೋಗಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಸುಟ್ಟಿತು. ನಾನು ಆಡಲಾರೆ, ಇರಲಿ. ನನ್ನ ಹೆಸರು ಹೇಳಿ ಬೇರೆ ಹುಡುಗಿಯರ ಕೈಯಿಂದಲೂ ಚೆಂಡು ಕಸಿಯುತ್ತಾರೆಂದರೆ?

ಆಮೇಲೆ ಕೆಲವೇ ದಿನಕ್ಕೆ ಕೋಚ್ ಸರ್ ಬಂದರು. ಅದುವರೆಗೆ ಬರುವ ಧೈರ್ಯ ಮಾಡಿರಲಿಲ್ಲ. ಸೇಬಿನ ಚೀಲ ಮಡಿಲಲ್ಲಿಟ್ಟುಕೊಂಡು ಕುರ್ಚಿಯಲ್ಲಿ ಮುದುಡಿ ಕೂತರು. ಅವ್ವ ಚಹಾ ತಂದುಕೊಟ್ಟಳು.

"ಅವತ್ತ ನಾ ನಿನಗ ಅಷ್ಟು ಸಲ ಹಿಡಿತ ಮಾಡಸಬಾರದಿತ್ತು" ಎಂದರು ಸರ್. "ನಿದ್ದಿ ಹತ್ತವಲ್ದು ಈರಮ್ಮಾ. ನನ್ನ ಕೈಯಾರೆ ನಿನ್ನ ಬೆನ್ನ ಮುರದೆ." ಗಂಡಸು, ಅಷ್ಟು ದೊಡ್ಡ ದನಿಯ ಮನುಷ್ಯ, ಬಿಕ್ಕಿ ಅತ್ತರು. ನಾನು ಅವ್ವನ ಮುಖ ನೋಡಿದೆ. ಅವ್ವ ನೆಲ ನೋಡುತ್ತಿದ್ದಳು. ಒಂದು ಮಾತು ಹೇಳಿದರೆ ಆ ಮನುಷ್ಯನ ಭಾರ ಇಳಿಯುತ್ತಿತ್ತು, ಅವ್ವ ಹೇಳಲಿಲ್ಲ.

"ಸರ್, ಇದು ಪೆಟ್ಟಲ್ಲ. ನನಗ ಬೆನ್ನಿನ ಟಿ.ಬಿ. ಆಗೇತ್ರಿ. ನಿಮ್ಮ ತಪ್ಪಿಲ್ಲ, ಆಟದ ತಪ್ಪಿಲ್ಲ. ಸಾಲಿಗೆ ಹೋಗಿ ಹೇಳ್ರಿ" ಎಂದೆ.

ಅವ್ವ "ಈರೀ!" ಎಂದು ಕೂಗಿದಳು. ಸರ್ ಅಳು ನಿಲ್ಲಿಸಿದರು. ಅವರ ಮುಖದಲ್ಲಿ ಮೊದಲು ಬಂದದ್ದು ನಿರಾಳ. ಅದು ನನಗೆ ಚೆನ್ನಾಗಿ ಕಂಡಿತು. ಎರಡನೆಯದಾಗಿ ಅವರ ಕುರ್ಚಿ ಇಷ್ಟೇ ಇಷ್ಟು ಹಿಂದೆ ಸರಿಯಿತು. ಅಂಟುವುದಿಲ್ಲ ಎಂದು ಹೇಳಿದೆ. ಗೊತ್ತು, ಗೊತ್ತು ಎಂದರು. ಚಹಾ ಆರಿ ಕೆನೆ ಕಟ್ಟಿತು. ಅದೇ ಸರ್, ಮೈದಾನದಲ್ಲಿ ನಮ್ಮ ಬಾಟಲಿಯನ್ನೇ ಎತ್ತಿ ನೀರು ಕುಡಿಯುತ್ತಿದ್ದವರು.

ಅವರು ಹೇಳಬೇಕಾದ ಕಡೆ ಹೇಳಿದರು. ಆಟದ ಮೇಲಿನ ಕಳಂಕ ಬಹಳ ಮಟ್ಟಿಗೆ ಹೋಯಿತು, ಹುಡುಗಿಯರು ಒಬ್ಬೊಬ್ಬರಾಗಿ ಮೈದಾನಕ್ಕೆ ಬಂದರು. ಮಾತು ಸಿರುಗುಪ್ಪಕ್ಕೂ ಹೋಯಿತು. ಗಂಡಿನ ಕಡೆಯವರು ಬಂದು, ಹುಡುಗಿಯ ಎದೆಯ ಎಕ್ಸ್‌ರೇ ತೆಗೆಸಿ ತೋರಿಸಿ ಎಂದರು. ಪಾರ್ವತಿ ತೆಗೆಸಿಕೊಂಡಳು. ಆ ಕಪ್ಪು ಹಾಳೆಯನ್ನು ಬೀಗರು ನಡುಮನೆಯಲ್ಲಿ ಕಿಟಕಿಯ ಬೆಳಕಿಗೆ ಹಿಡಿದು, ಎಲ್ಲ ತಿಳಿದವರಂತೆ ನೋಡಿದರು. ಲಗ್ನ ಆಯಿತು. "ಬೆಲ್ಟ್ ಹಾಕ್ಕೊಂಡು ಎಷ್ಟೊತ್ತು ಕುಂದ್ರತಿ, ದಣೀತಿ. ಮನಿಯಾಗ ಇರು" ಎಂದಳು ದೊಡ್ಡಮ್ಮ, ಬಲು ಪ್ರೀತಿಯಿಂದ. ಎಲ್ಲರೂ ಸಿರುಗುಪ್ಪಕ್ಕೆ ಹೋದರು. ಅಪ್ಪ ಊಟದ ಹೊತ್ತಿಗೆ ಡಬ್ಬಿಯಲ್ಲಿ ಲಗ್ನದ ಊಟ ತಂದು, ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡ. ಮಗಳ ಲಗ್ನದ ಪಂಕ್ತಿಯಲ್ಲಿ ಅವನು ಕೂರಲಿಲ್ಲ.

ಗುಳಿಗೆ ಮುಗಿದವು. ಬೆಲ್ಟು ಬಿಚ್ಚಿದೆ. ಗುಣವಾಗಿದೆ ಎಂದು ಡಾಕ್ಟರಮ್ಮ ಬರೆದುಕೊಟ್ಟರು. ನಾನು ನಡೆಯುತ್ತೇನೆ, ಬಲಗಾಲು ಸ್ವಲ್ಪ ಎಳೆಯುತ್ತದೆ, ಓಡಲಾರೆ. ಗಣಿಗಳು ಬಂದಾದವು, ಧಣಿಗಳ ಫ್ಲೆಕ್ಸ್‌ಗಳು ಹರಿದುಹೋದವು. ಸರ್ ವಯಸ್ಸಾಗಿ ಬಿಟ್ಟ ಮೇಲೆ ಕುರುಗೋಡಿನ ಆ ಸಾಲೆಯ ಹುಡುಗಿಯರಿಗೆ ಕಲಿಸುವ ಕೆಲಸ ನನಗೆ ಬಂತು. ದೊಡ್ಡಮ್ಮನ ಊರು. ನನ್ನ ರೋಗದ ಸುದ್ದಿ ಅಲ್ಲಿ ಇನ್ನೂ ಮರೆತಿಲ್ಲ.

ಮೊದಲ ದಿನವೇ ನಾಲ್ಕಾರು ತಾಯಂದಿರು ಬಂದರು. ಅವರಲ್ಲಿ ಬಸಮ್ಮ ಎಂಬಾಕೆ, ಒಳ್ಳೆಯ ಓಟಗಾರ್ತಿ ಲಕ್ಷ್ಮಿಯ ತಾಯಿ, ಎಲ್ಲರ ಪರವಾಗಿ ಮಾತಾಡಿದಳು. "ನೀವು ಕಲಸ್ರಿ ಅಕ್ಕಾರ, ಬ್ಯಾಡ ಅನ್ನಂಗಿಲ್ಲ. ಆದ್ರ ಬಾಯಿಲೆ ಹೇಳ್ರಿ. ಹುಡುಗ್ಯಾರ ಮೈ ಮುಟ್ಟಬ್ಯಾಡ್ರಿ, ಚೆಂಡ ಹಿಡೀಬ್ಯಾಡ್ರಿ. ಹೆಣ್ಣುಮಕ್ಕಳು ನೋಡ್ರಿ, ನಾಳೆ ಲಗ್ನ ಆಗೋವು." ಗುಣವಾದ ಕಾಗದ ತೋರಿಸಲೇ ಎಂದೆ. ಕಾಗದ ಯಾಕ ಬಿಡ್ರಿ ಅಂದಳು. ಮೈ ಮುಟ್ಟದೆ ಕಲಿಸಲಾಗದ ಆಟವದು. ಒಪ್ಪದಿದ್ದರೆ ಮಕ್ಕಳನ್ನು ಕರೆದೊಯ್ಯುತ್ತಾರೆ. ಒಪ್ಪಿದೆ. ಸುಣ್ಣದ ಗೆರೆಯ ಆಚೆ ನಿಂತು ಬಾಯಲ್ಲೇ ಕಲಿಸುತ್ತೇನೆ.

ಮೊನ್ನೆ ಆಟ ನಡೆದಿತ್ತು. ಲಕ್ಷ್ಮಿ ಚೆಂಡು ಹಿಡಿದು ಗೆರೆಯ ಗುಂಟ ಓಡಿ ಬಂದಳು. ಇಬ್ಬರು ಅವಳ ಕಾಲಿಗೆ ಬಿದ್ದರು. ಹಿಂದೆ ಒಂದು ಹುಡುಗಿಯೂ ಇರಲಿಲ್ಲ. ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ. "ಹಿಂದ ಅದೀನಿ!" ಎಂದು ಕೂಗಿಬಿಟ್ಟೆ. ಲಕ್ಷ್ಮಿ ತಿರುಗಿ ನೋಡಲೂ ಇಲ್ಲ, ದನಿಯನ್ನು ನಂಬಿ ಎಸೆದಳು. ಚೆಂಡು ಗೆರೆ ದಾಟಿ ಬಂದು ನನ್ನ ಎದೆಗೆ ಬಡಿಯಿತು, ಎರಡೂ ಕೈ ಅದನ್ನು ಅವಚಿದವು. ಅಷ್ಟು ವರ್ಷಗಳಾದ ಮೇಲೂ ಕೈ ಮರೆತಿರಲಿಲ್ಲ.

ಓಡುತ್ತಿದ್ದ ಹುಡುಗಿಯರು ನಿಂತುಬಿಟ್ಟರು. ಆಟ ನೋಡಲು ಬಂದಿದ್ದ ಬಸಮ್ಮ ಬೇವಿನ ನೆರಳಿನಿಂದ ಎದ್ದು ಬಂದು ಕೈ ಚಾಚಿದಳು. ಕೊಟ್ಟೆ. ಅವಳು ಸೆರಗಿನ ತುದಿಯಿಂದ ಆ ಚೆಂಡನ್ನು ಸುತ್ತಲೂ ಒರೆಸಿ, ಒರೆಸಿದ ಸೆರಗನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು, ಚೆಂಡನ್ನು ಮಗಳಿಗೆ ಕೊಟ್ಟಳು. ಲಕ್ಷ್ಮಿ ತಲೆ ತಗ್ಗಿಸಿ ತೆಗೆದುಕೊಂಡಳು.

ನಾನು ಸೀಟಿ ಊದಿದೆ. ಹುಡುಗಿಯರು ಮತ್ತೆ ಓಡಿದರು. ನಾನು ಗೆರೆಯ ಆಚೆಯಿಂದಲೇ, ಬಸಮ್ಮನಿಗೆ ಕೇಳುವಂತೆ, ಓಣಿಯ ಮನೆಗಳಿಗೆಲ್ಲ ಕೇಳುವಂತೆ ಮತ್ತೆ ಕೂಗಿದೆ: "ಹಿಂದ ಅದೀನಿ!"